ಚಾಚಿಯ ದಾರ

ಕಳೆದ ತಿಂಗಳು, ರಂಜಾನ್ ಶುರುವಾಗುವ ಎರಡು ದಿನ ಮೊದಲು, ಕಾಲೇಜಿನಿಂದ ಬರುವಾಗ ದಾರಿಯಲ್ಲಿ ಒಂದು ಕಿರಾಣಿ ಅಂಗಡಿಗೆ ಹೋಗಿದ್ದೆ. ಅಮ್ಮ ಹೆಸರುಬೇಳೆ ತರಲು ಹೇಳಿದ್ದಳು. ಗಲ್ಲಾದ ಪಕ್ಕದಲ್ಲಿ ಖರ್ಜೂರದ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅದರ ಮೇಲಿನ ಕೊಕ್ಕೆಗೆ ಕೆಲವು ಪ್ಲಾಸ್ಟಿಕ್ ಪೊಟ್ಟಣಗಳು ತೂಗುತ್ತಿದ್ದವು. ಒಳಗೆ ಒಣಗಿ ಸುಕ್ಕಾದ, ಬಿಳಿಚಿಕೊಂಡ ಎಳೆಗಳು. ಒಂದು ಗೇಣು ಉದ್ದ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಂಥವು.

ಎಂಟು ವರ್ಷದಿಂದ ಅದನ್ನು ನೋಡಿರಲಿಲ್ಲ. ಆದರೂ ಗುರುತು ಹಿಡಿಯಲು ಯೋಚಿಸಬೇಕಾಗಲಿಲ್ಲ. ಅದು ಚಾಚಿಯ ದಾರ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ.

ಪೊಟ್ಟಣ ತಿರುವಿದೆ. ಹಿಂದೆ ಹಸಿರು ಚುಕ್ಕೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಅಗರ್ ಅಗರ್, ಸಮುದ್ರದ ಪಾಚಿಯಿಂದ ತಯಾರಿಸಿದ್ದು ಎಂದು ಬರೆದಿತ್ತು. ಮತ್ತೊಮ್ಮೆ ಓದಿದೆ.

ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು. ಅಗರ್ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಾರಕ್ಕೆ ಎರಡು ಸಲ ನಮ್ಮ ಲ್ಯಾಬಿನಲ್ಲಿ ಅದರ ಪುಡಿಯನ್ನು ನೀರಿನಲ್ಲಿ ಕುದಿಸಿ ಗಾಜಿನ ತಟ್ಟೆಗಳಿಗೆ ಸುರಿಯುತ್ತೇವೆ. ಅದು ಹೆಪ್ಪಾದ ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತೇವೆ. ಅದು ಎಳೆಗಳ ರೂಪದಲ್ಲೂ ಸಿಗುತ್ತದೆ, ಜನ ಅದರಿಂದ ಸಿಹಿ ಮಾಡುತ್ತಾರೆ ಎಂದು ಎಲ್ಲೋ ಓದಿಯೂ ಇದ್ದೆ. ಓದಿದ್ದನ್ನು ನಮ್ಮ ಅಡುಗೆಮನೆಯ ಜೊತೆ ಸೇರಿಸಿ ನೋಡಿರಲಿಲ್ಲ, ಅಷ್ಟೇ.

ಅಂಗಡಿಯವರು ಏನೋ ಕೇಳುತ್ತಿದ್ದರು. ಎರಡನೇ ಸಲ ಕೇಳಿದಾಗ ತಲೆಯಾಡಿಸಿದೆ. ಹೆಸರುಬೇಳೆ ಮರೆತು ಆ ಪೊಟ್ಟಣವೊಂದನ್ನೇ ಹಿಡಿದುಕೊಂಡು ಹೊರಗೆ ಬಂದೆ. ಸ್ಕೂಟಿಯ ಬಳಿ ನಿಂತು ಪೊಟ್ಟಣದ ಹಿಂಬದಿಯನ್ನು ಮೂರನೇ ಸಲ ಓದಿದೆ.

ಹದಿನೇಳನೇ ವಯಸ್ಸಿನಲ್ಲಿ ನಾನು ಒಂದು ಮಾತು ಆಡಿದ್ದೆ. ಅದು ಸುಳ್ಳಾಗಿತ್ತೆಂದು ನನಗೆ ಗೊತ್ತಾದದ್ದು ಆಗ, ಆ ರಸ್ತೆಯ ಅಂಚಿನಲ್ಲಿ.

ಚಾಚಿ ನಿಟ್ಟುವಳ್ಳಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದರು. ಚಾಚಾ ಹರಿಹರದ ಕಡೆ ಒಂದು ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದರು. ಒಬ್ಬಳೇ ಮಗಳನ್ನು ಹರಿಹರಕ್ಕೇ ಕೊಟ್ಟಿದ್ದರು. ಚಾಚಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯವರಿಗೆಲ್ಲ ಜಂಪರು, ಲಂಗ ಹೊಲಿದುಕೊಡುತ್ತಿದ್ದರು. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು. ಅದು ಬೀಳುತ್ತಲೂ ಇರಲಿಲ್ಲ, ಮಾತು ನಿಲ್ಲುತ್ತಲೂ ಇರಲಿಲ್ಲ. ಒಮ್ಮೆ ಓಣಿಯ ತುದಿಯ ಮನೆಯವರೊಬ್ಬರು ಅಳತೆಗೆಂದು ಹಳೆಯ ಜಂಪರು ಕಳಿಸಿದ್ದರು. ಚಾಚಿ ಅದನ್ನು ಎತ್ತಿ ಹಿಡಿದು ಹೇಳಿ ಕಳಿಸಿದ್ದು ನನಗೆ ಇನ್ನೂ ನೆನಪಿದೆ. "ಜಂಪರ್ ಹೋದ ವರ್ಷದ್ದು, ನೀವು ಈ ವರ್ಷದವ್ರು. ನೀವೇ ಬರ್ರಿ."

ನನ್ನ ಹೈಸ್ಕೂಲಿನ ಸಮವಸ್ತ್ರಗಳನ್ನೆಲ್ಲ ಹೊಲಿದವರು ಅವರೇ. ನಾನು ಹೆಚ್ಚು ಮಾತಾಡುವ ಹುಡುಗಿಯಾಗಿರಲಿಲ್ಲ. ಅವರ ಮನೆಯ ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತರೆ ಮಾತಾಡಿಸುತ್ತಿರಲಿಲ್ಲ. ಅದೊಂದು ಕಾರಣಕ್ಕೆ ನನಗೆ ಅವರ ಮನೆ ಇಷ್ಟವಾಗಿತ್ತು. ಅವರಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಗಿರಾಕಿಗಳು ಬಂದರೆ ನನ್ನ ಕಡೆ ಕೈ ತೋರಿಸಿ, ನಮ್ಮ ಓಣಿಯ ಡಾಕ್ಟರು ಓದ್ತಾ ಐತೆ, ಮೆಲ್ಲಗೆ ಮಾತಾಡ್ರಿ ಎನ್ನುತ್ತಿದ್ದರು. ಅರ್ಧ ಹಾಸ್ಯ, ಅರ್ಧ ನಿಜವಾದ ಹೆಮ್ಮೆ...

ಪ್ರತಿ ರಂಜಾನಿಗೆ ಒಂದು ದಿನ ಅವರು ನಮ್ಮ ಮನೆಗೆ ಬಂದು ಹಣ್ಣಿನ ಜೆಲ್ಲಿ ಮಾಡುತ್ತಿದ್ದರು. ಮಾಡಿ ಕಳಿಸುತ್ತಿರಲಿಲ್ಲ, ಬಂದೇ ಮಾಡುತ್ತಿದ್ದರು. ಅದಕ್ಕೆ ಕಾರಣ ಅಜ್ಜಿ. ನನ್ನ ಅಪ್ಪನ ತಾಯಿ. ಕೊರಳಲ್ಲಿ ಕರಡಿಗೆ ಕಟ್ಟಿಕೊಂಡು, ದಿನಕ್ಕೆರಡು ಹೊತ್ತು ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀರೂ ಮುಟ್ಟದವಳು. ಮಾಂಸ ಬೇಯಿಸುವ ಮನೆಯ ಪಾತ್ರೆಯಲ್ಲಿ ಮಾಡಿದ್ದನ್ನು ಅವಳು ತಿನ್ನುತ್ತಿರಲಿಲ್ಲ. ಆದರೆ ಎದುರುಮನೆಯವಳನ್ನು ಬಿಟ್ಟಿರಲೂ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೆ ಇಬ್ಬರೂ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಚಾಚಿ ಸ್ನಾನ ಮಾಡಿ, ಮಡಿಸಿಟ್ಟ ಸೀರೆ ಉಟ್ಟು ಬರುವುದು. ನಮ್ಮ ಒಲೆ, ನಮ್ಮ ಪಾತ್ರೆ, ನಮ್ಮ ಸಕ್ಕರೆ, ನಮ್ಮ ಹಣ್ಣು. ಅವರು ತರುವುದು ಸೋಸುವ ಒಂದು ಬಿಳಿ ಬಟ್ಟೆ, ಮತ್ತು ದಾರ.

"ನಿಮ್ಮ ಅಡುಗೆಮನೇನೂ ನಂದೇ ಆತು, ನಮ್ದು ಮಾತ್ರ ನಿಮಗೆ ಬ್ಯಾಡ. ಲಾಭ ಯಾರಿಗೆ ಹೇಳಜ್ಜಿ" ಎಂದು ಚಾಚಿ ರೇಗಿಸುತ್ತಿದ್ದರು. ಅಜ್ಜಿ, ಬಾಯಿ ಮುಚ್ಕೊಂಡು ತಿರುವೇ ಹುಡುಗಿ, ತಳ ಹತ್ತುತೈತೆ ಎನ್ನುತ್ತಿದ್ದಳು. ಹುಡುಗಿಗೆ ಆಗ ನಲವತ್ತು ದಾಟಿತ್ತು.

ಅವರು ಮಾಡುತ್ತಿದ್ದ ಕ್ರಮ ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. ಒಂದು ಹಿಡಿ ದಾರವನ್ನು ಕತ್ತರಿಯಿಂದ ತುಂಡು ಮಾಡಿ ತಣ್ಣೀರಿನಲ್ಲಿ ನೆನೆಸುವುದು. ಅದು ಮೆತ್ತಗಾಗಿ ಉಬ್ಬಿದ ಮೇಲೆ ಒಂದು ತಂಬಿಗೆ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ, ಒಂದು ಎಳೆಯೂ ಕಾಣದ ಹಾಗೆ ಕರಗುವವರೆಗೆ ಕುದಿಸುವುದು. ಸಕ್ಕರೆ ಹಾಕಿ ಬಟ್ಟೆಯಲ್ಲಿ ಸೋಸುವುದು. ಹಣ್ಣು ಹಾಕುವುದು ಕೊನೆಗೆ, ಪಾತ್ರೆ ಒಲೆಯಿಂದ ಇಳಿದು ಸ್ವಲ್ಪ ಆರಿದ ಮೇಲೆ. ಬಹುಪಾಲು ಅನಾನಸ್. ಅದರ ರಸ, ಬೆರಳ ಉಗುರಿನಷ್ಟು ಸಣ್ಣ ತುಂಡುಗಳು, ಎಲ್ಲ ಹಸಿಯಾಗಿಯೇ. ಕುದಿಯುವಾಗ ಹುಳಿ ಬಿದ್ದರೆ ದಾರ ಹರಿದುಹೋಗುತ್ತದೆ, ಜೆಲ್ಲಿ ಕೂರುವುದಿಲ್ಲ ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಆಮೇಲೆ ಅಂಚಿನ ತಟ್ಟೆಗೆ ಸುರಿದು, ಆ ತಟ್ಟೆಯನ್ನು ನೀರು ತುಂಬಿದ ಬೋಗುಣಿಯಲ್ಲಿ ತೇಲಿಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ. ದಾವಣಗೆರೆಯ ಆ ಸೆಕೆಯಲ್ಲೂ ಮುಕ್ಕಾಲು ಗಂಟೆಯಲ್ಲಿ ಅದು ಗಟ್ಟಿಯಾಗಿ, ಬರ್ಫಿಯ ಹಾಗೆ ಚಾಕುವಿಗೆ ಸಿಗುತ್ತಿತ್ತು.

ಅದೇನು ವಸ್ತು ಎಂದು ಒಮ್ಮೆ ಚಿಕ್ಕವಳಿದ್ದಾಗ ಕೇಳಿದ್ದೆ. "ದಾರ ಬೇಟಾ. ನೀರಿಗೆ ಹೊಲಿಗೆ ಹಾಕ್ತೀನಿ ನೋಡು" ಎಂದಿದ್ದರು. ನಾನು ನಂಬಿದ್ದೆ. ಹರಿಹರದ ತವರಿಗೆ ಹೋದಾಗ ಅಲ್ಲಿಯ ಹಳೆಯ ಅಂಗಡಿಯೊಂದರಿಂದ ಕಾಗದದಲ್ಲಿ ಕಟ್ಟಿಸಿಕೊಂಡು ತರುತ್ತಿದ್ದರು. ಆ ಕಾಗದದ ಮೇಲೆ ಹೆಸರೂ ಇರುತ್ತಿರಲಿಲ್ಲ, ಚುಕ್ಕೆಯೂ ಇರುತ್ತಿರಲಿಲ್ಲ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದಳು. ಹೊಟ್ಟೆಯ ಕಾಯಿಲೆ. ವಾಸಿಯಾಗುವಂಥದ್ದಲ್ಲ, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದು ಡಾಕ್ಟರು ಅಪ್ಪನಿಗೆ ಹೇಳಿ ಕಳಿಸಿದ್ದರು. ಮಾತ್ರೆಗಳಿಂದ ಅವಳ ಬಾಯಿ ಕೆಟ್ಟುಹೋಗಿತ್ತು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಗಂಜಿ ಎರಡು ಚಮಚಕ್ಕೆ ಸಾಕಾಗುತ್ತಿತ್ತು. ಅಮ್ಮ ಬಟ್ಟಲು ಹಿಡಿದುಕೊಂಡು ಅರ್ಧರ್ಧ ಗಂಟೆ ಮಂಚದ ಪಕ್ಕ ಕೂತಿರುತ್ತಿದ್ದಳು.

ಆ ವರ್ಷದ ರಂಜಾನ್ ಬೇಸಿಗೆಯ ಕೊನೆಗೆ ಬಂದಿತ್ತು. ಚಾಚಿ ಎಂದಿನಂತೆ ಬಂದು ಜೆಲ್ಲಿ ಮಾಡಿದರು. ತಣ್ಣಗೆ, ಹುಳಿಹುಳಿಯಾಗಿದ್ದ ಆ ಅನಾನಸ್ ಜೆಲ್ಲಿಯನ್ನು ಅಜ್ಜಿ ಒಂದು ತುಂಡು ತಿಂದು, ಇನ್ನೊಂದು ಕೇಳಿದಳು. ಅಮ್ಮ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಮರುದಿನದಿಂದ ಚಾಚಿ ದಿನ ಬಿಟ್ಟು ದಿನ ಬರತೊಡಗಿದರು. ತಾವು ಉಪವಾಸವಿದ್ದು, ಬಾಯಿಗೆ ನೀರೂ ಹಾಕದೆ, ನಮ್ಮ ಒಲೆಯ ಮುಂದೆ ನಿಂತು ರುಚಿ ನೋಡದೆಯೇ ಮಾಡುತ್ತಿದ್ದರು. ಸಕ್ಕರೆ ಸರಿಯಾಗಿದೆಯೇ ಎಂದು ಚಮಚದಲ್ಲಿ ನನಗೆ ಕೊಟ್ಟು ಕೇಳುತ್ತಿದ್ದರು. ಹಬ್ಬ ಮುಗಿದ ಮೇಲೂ ಬರುವುದು ನಿಲ್ಲಲಿಲ್ಲ. ಅಜ್ಜಿಯ ದೇಹಕ್ಕೆ ಆ ದಿನಗಳಲ್ಲಿ ಏನಾದರೂ ಸೇರುತ್ತಿದ್ದರೆ ಅದು ಅವರ ಕೈಯದೇ.

ಒಂದು ದಿನ ಟ್ಯೂಷನ್ನಿನಲ್ಲಿ ಪ್ರೋಟೀನುಗಳ ಪಾಠ ನಡೆಯುತ್ತಿತ್ತು. ಮೇಷ್ಟರು ಮಾತಿನ ನಡುವೆ, ನೀವು ತಿನ್ನುವ ಜೆಲ್ಲಿ ಇದೆಯಲ್ಲ, ಅದು ಪ್ರಾಣಿಗಳ ಎಲುಬು, ಚರ್ಮ, ನರಗಳನ್ನು ಕುದಿಸಿ ತೆಗೆದ ಜೆಲಟಿನ್ ಎಂದರು. ಆ ಬಿಳಿಚಿದ, ಸುಕ್ಕಾದ ಎಳೆಗಳು ಕಣ್ಣಮುಂದೆ ಬಂದವು. ಕುದಿಸಿದರೆ ಕರಗುತ್ತದೆ, ಆರಿದರೆ ಹೆಪ್ಪಾಗುತ್ತದೆ. ಒಣಗಿದ ನರ ಅಲ್ಲದೆ ಇನ್ನೇನು ಹಾಗಿರಲು ಸಾಧ್ಯ? ಎಲ್ಲ ಸರಿಯಾಗಿ ಹೊಂದಿಕೊಂಡಿತು. ಪುಸ್ತಕದ ಮಾತು ಮನೆಯ ಮಾತಿಗೆ ಹೊಂದಿಕೊಂಡಾಗ ಆಗುವ ಒಂದು ಸಂತೋಷವಿದೆ. ಅದೂ ಇತ್ತು ಎಂದು ಇಲ್ಲಿ ಬರೆಯಲೇಬೇಕು.

ಮಧ್ಯಾಹ್ನ ಮನೆಗೆ ಬಂದಾಗ ಅಜ್ಜಿ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಚಾಚಿ ನೆಲದ ಮೇಲೆ ಕೂತು ತಟ್ಟೆಯಲ್ಲಿ ಜೆಲ್ಲಿ ಕತ್ತರಿಸುತ್ತಿದ್ದರು. ಅಮ್ಮ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು. ನಾನು ಬ್ಯಾಗನ್ನೂ ಇಳಿಸಲಿಲ್ಲ.

"ಚಾಚಿ, ಜೆಲ್ಲಿ ಮಾಡೋದು ಎಲುಬಿಂದ ಅಂತೆ. ಇವತ್ತು ಕ್ಲಾಸಲ್ಲಿ ಹೇಳಿದ್ರು."

ಚಾಚಿ ನಕ್ಕರು. ಎಲುಬು ಎಲ್ಲೈತೆ ತೋರಿಸು ಎಂದು ತಟ್ಟೆಯನ್ನು ನನ್ನ ಕಡೆ ವಾಲಿಸಿದರು. ನಾನು ಅಡುಗೆಮನೆಗೆ ಹೋಗಿ ಉಳಿದಿದ್ದ ದಾರದ ಕಾಗದವನ್ನು ತಂದು ಬಿಚ್ಚಿದೆ. ಇದು ಒಣಗಿಸಿದ ನರ, ಇದನ್ನು ಕುದಿಸಿದರೆ ಬರುವುದೇ ಜೆಲಟಿನ್, ಅದು ಆರಿದಾಗ ಹೀಗೆ ಹೆಪ್ಪಾಗುತ್ತದೆ ಎಂದು ಮೇಷ್ಟರ ಹಾಗೆಯೇ ಬಿಡಿಸಿ ಹೇಳಿದೆ. ದನಿ ಎತ್ತರಿಸಲಿಲ್ಲ. ನನಗೆ ಸಿಟ್ಟಿರಲಿಲ್ಲ. ಗೊತ್ತಿದ್ದುದನ್ನು ಹೇಳುತ್ತಿದ್ದೆ.

ಅಮ್ಮ ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಚಾಚಿಯನ್ನು ನೋಡಿ ಕೇಳಿದಳು, "ಅದು ಯಾವುದರಿಂದ ಮಾಡಿದ್ದು? ಖರೇ ಹೇಳ್ರಿ."

ಚಾಚಿಯ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ನನ್ನ ಮುಖ ನೋಡಿದರು, ಕಾಗದದ ಮೇಲಿನ ಎಳೆಗಳನ್ನು ನೋಡಿದರು. ಆಮೇಲೆ ಅವರ ಮುಖದ ಬಣ್ಣವೇ ಇಳಿದುಹೋಯಿತು.

"ಖರೇ ಹೇಳ್ಬೇಕಂದ್ರೆ ನನಗೂ ಗೊತ್ತಿಲ್ಲಕ್ಕಾ. ನಮ್ಮಮ್ಮ ತರ್ತಿದ್ಲು, ನಾನೂ ತರ್ತೀನಿ."

ಅವರು ಸುಳ್ಳು ಹೇಳಬಹುದಿತ್ತು. ಇದು ಹುಲ್ಲು, ಇದು ಬೇರು, ಏನಾದರೂ ಹೇಳಿದ್ದರೆ ಅಮ್ಮ ನಂಬುತ್ತಿದ್ದಳು. ಗೊತ್ತಿಲ್ಲ ಎಂದರು. ನಮ್ಮ ಮನೆಯಲ್ಲಿ ಅದನ್ನು ತಪ್ಪೊಪ್ಪಿಗೆ ಎಂದುಕೊಂಡೆವು.

ಅಜ್ಜಿ ಬಾಯಲ್ಲಿದ್ದ ತುಂಡನ್ನು ಅಂಗೈಗೆ ತೆಗೆದಳು. ಅದನ್ನೇ ನೋಡಿದಳು. ಆಮೇಲೆ ನೀರು ಕೇಳಿದಳು, ಕುಡಿಯಲು ಅಲ್ಲ, ಮುಕ್ಕಳಿಸಲು. ಎಷ್ಟು ಸಲ ಮುಕ್ಕಳಿಸಿದಳೋ... ಸ್ನಾನ ಮಾಡಿಸು ಎಂದಳು. ಎದ್ದು ನಿಲ್ಲಲಾಗದವಳನ್ನು ಅಮ್ಮ, ನಾನು ಹಿಡಿದು ಕೂರಿಸಿ ಸ್ನಾನ ಮಾಡಿಸಿದೆವು. ನಾವು ಬಚ್ಚಲಿನಿಂದ ಬರುವಷ್ಟರಲ್ಲಿ ಚಾಚಿ ಹೋಗಿದ್ದರು. ತಟ್ಟೆ, ಚಾಕು ತೊಳೆದಿಟ್ಟಿದ್ದರು. ಸೋಸುವ ಬಟ್ಟೆ, ಉಳಿದ ದಾರ ಎರಡನ್ನೂ ತೆಗೆದುಕೊಂಡು ಹೋಗಿದ್ದರು.

ಆ ಸಂಜೆ ಅಜ್ಜಿ ಅಪ್ಪನಿಗೆ ಹೇಳಿದ್ದು ಒಂದೇ ಮಾತು. ಆ ಎದುರುಮನೆ ಹುಡುಗಿಗೆ ಯಾರೂ ಏನೂ ಅನ್ನಬ್ಯಾಡ್ರಿ. ಯಾರೂ ಅನ್ನಲಿಲ್ಲ. ಅನ್ನದೆಯೇ ನಮ್ಮ ಬಾಗಿಲು ಅವರಿಗೆ ಮುಚ್ಚಿತು.

ಅದಾದ ಮೇಲೆ ಅಜ್ಜಿ ಹದಿನೆಂಟು ದಿನ ಬದುಕಿದ್ದಳು. ಮಠದ ಅಯ್ಯನವರನ್ನು ಕರೆಸಿದೆವು. ಅವರು ತೀರ್ಥ ಕೊಟ್ಟು, ತಿಳಿಯದೆ ತಿಂದದ್ದಕ್ಕೆ ದೋಷವಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ್ರಿ ಎಂದು ಬಹಳ ಹೊತ್ತು ಸಮಾಧಾನ ಹೇಳಿದರು. ಅಜ್ಜಿ ತಲೆಯಾಡಿಸಿದಳು. ಆದರೆ ಆ ಹದಿನೆಂಟು ದಿನದಲ್ಲಿ ಒಮ್ಮೆಯೂ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ. ಪೂಜೆಯ ಹೊತ್ತಿಗೆ ಕರಡಿಗೆಯನ್ನು ಬಟ್ಟೆಯ ಮೇಲಿಂದ ಮುಟ್ಟಿ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ಅಮ್ಮ ವಿಭೂತಿ ತಂದರೆ, "ಈ ಕೈ ಬ್ಯಾಡವ್ವಾ ಇನ್ನ" ಎಂದಳು. ಗಂಜಿ ಬ್ಯಾಡ, ಹಾಲು ಬ್ಯಾಡ. ಮಣ್ಣಿಗೆ ಇಡುವಾಗ ಅಯ್ಯನವರೇ ಲಿಂಗವನ್ನು ಅವಳ ಎಡ ಅಂಗೈಗೆ ಇಟ್ಟರು. ಆಗ ಅವಳು ಬೇಡವೆನ್ನುವ ಹಾಗಿರಲಿಲ್ಲ.

ವರ್ಷ ತುಂಬುವ ಮೊದಲೇ ಚಾಚಿಯವರು ಮನೆ ಖಾಲಿ ಮಾಡಿ ಹರಿಹರಕ್ಕೆ ಹೋದರು. ಚಾಚಾಗೆ ಓಡಾಡುವುದು ಕಷ್ಟವಾಗಿದೆ ಎಂದರು. ಹೋಗುವ ದಿನ ಬಾಗಿಲಲ್ಲಿ ನಿಂತು, ದೇವಸ್ಥಾನದ ಹಿಂದಿನ ಓಣಿ, ಹಿಟ್ಟಿನ ಗಿರಣಿಯ ಪಕ್ಕದ ಮನೆ, ಬಂದರೆ ಬರ್ರಿ ಎಂದು ಅಮ್ಮನಿಗೆ ಗುರುತು ಹೇಳಿದರು. ನನಗೆ, ಚೆನ್ನಾಗಿ ಓದು ಬೇಟಾ ಎಂದರು. ನಾನು ಚೆನ್ನಾಗಿ ಓದಿದೆ.

ಅಂಗಡಿಯಿಂದ ಆ ಪೊಟ್ಟಣ ತಂದವಳು ಎರಡು ದಿನ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ನನ್ನ ತಲೆ ಇನ್ನೂ ಒಂದು ಸಂದಿಗಾಗಿ ಹುಡುಕುತ್ತಿತ್ತು. ನೋಡಲು ಒಂದೇ ಥರ ಇದ್ದ ಮಾತ್ರಕ್ಕೆ ಒಂದೇ ವಸ್ತು ಆಗಬೇಕೆಂದಿಲ್ಲ. ಆ ಕಾಲದ ಆ ಎಳೆಗಳು ನಿಜವಾಗಿ ಜೆಲಟಿನ್ನೇ ಆಗಿದ್ದಿರಬಹುದು. ನನ್ನ ಮಾತು ಸರಿಯಿದ್ದಿರಬಹುದು.

ಆಗ ಅನಾನಸ್ ನೆನಪಾಯಿತು. ಕಾಲೇಜಿನ ಕಾರಿಡಾರಿನಲ್ಲಿ ನಡೆಯುತ್ತಿದ್ದೆ. ಹಸಿ ಅನಾನಸ್ಸಿನಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ. ಎಲುಬಿನ ಜೆಲಟಿನ್ ಪ್ರೋಟೀನು. ಹಸಿ ಅನಾನಸ್ ಬಿದ್ದರೆ ಅದು ಎಂದಿಗೂ ಹೆಪ್ಪಾಗುವುದಿಲ್ಲ. ಪಾಚಿಯ ಅಗರ್ ಪ್ರೋಟೀನಲ್ಲ, ಕಿಣ್ವ ಅದನ್ನು ಏನೂ ಮಾಡಲಾರದು. ಇದನ್ನು ನಾನೇ ಎರಡು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಕೊಟ್ಟಿದ್ದೇನೆ.

ಆದರೂ ಮಾಡಿ ನೋಡಿದೆ. ಲ್ಯಾಬಿನ ಜೆಲಟಿನ್ನಿಗೆ ಹಸಿ ಅನಾನಸ್ ರಸ ಬೆರೆಸಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಬೀಕರನ್ನು ವಾಲಿಸಿದರೆ ನೀರು. ಭಾನುವಾರ ಅಪ್ಪ, ಅಮ್ಮ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಮನೆಯಲ್ಲಿ ಆ ಎಳೆಗಳನ್ನು ನೆನೆಸಿದೆ. ಒದ್ದೆಯಾದಾಗ ಬಂದ ವಾಸನೆ, ಹೊಳೆಯ ಕಲ್ಲಿನ ಹಾಗಿರುವ ಆ ಸಣ್ಣ ವಾಸನೆ, ಅಜ್ಜಿಯ ಮಂಚವನ್ನೇ ಎಳೆದುತಂದು ಮುಂದೆ ಇಟ್ಟಂತಾಯಿತು. ಕುದಿಸಿದೆ, ಸೋಸಿದೆ, ಇಳಿಸಿ ಆರಿಸಿ ಹಸಿ ಹಣ್ಣು ಬೆರೆಸಿದೆ. ತಟ್ಟೆಯನ್ನು ನೀರಿನಲ್ಲಿ ತೇಲಿಬಿಟ್ಟು ಅಡುಗೆಮನೆಯ ಕಟ್ಟೆಗೆ ಒರಗಿ ಕಾದೆ. ಕೂರದಿರಲಿ ಎಂದು ಬಯಸಿದೆ. ಮುಕ್ಕಾಲು ಗಂಟೆಗೆ ಬೆರಳಿಟ್ಟು ನೋಡಿದೆ. ಗಟ್ಟಿಯಾಗಿತ್ತು.

ಮುಂದಿನ ಶನಿವಾರ ಹರಿಹರಕ್ಕೆ ಹೋದೆ. ಅಮ್ಮನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಎಂಟು ವರ್ಷದಲ್ಲಿ ಅಷ್ಟು ದೂರ ನಾವು ಹೋಗಿರಲಿಲ್ಲ. ಮೊದಲು ಚಾಚಿಗೆ ಹೇಳಬೇಕು, ಅವರು ಬೈದರೆ ಬೈಸಿಕೊಳ್ಳಬೇಕು ಎಂದು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಗಿರಣಿ ಇತ್ತು. ಪಕ್ಕದ ಮನೆಯಿಂದ ಹೊಲಿಗೆ ಮಷಿನ್ನಿನ ಸದ್ದು ಬರುತ್ತಿತ್ತು. ಎದೆ ಹಗುರಾಯಿತು. ಬಾಗಿಲಲ್ಲಿ ಬಗ್ಗಿ ನೋಡಿದೆ.

ಮಷಿನ್ನಿನ ಮುಂದೆ ಕೂತಿದ್ದವರು ಚಾಚಿಯ ಮಗಳು. ನನಗಿಂತ ಏಳೆಂಟು ವರ್ಷ ದೊಡ್ಡವರು. ಕೂಡಲೇ ಗುರುತು ಹಿಡಿದರು, ಬಾರವ್ವಾ ಎಂದು ಕುರ್ಚಿ ಎಳೆದರು. ಚಾಚಿ ಎಲ್ಲಿ ಎಂದು ಕೇಳಿದೆ.

"ಅಮ್ಮಿ ಹೋಗಿ ಎರಡು ವರ್ಷ ಆತಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಯಾರು ಹೇಳಬೇಕಿತ್ತು ನಮಗೆ... ಎದೆಯ ಕಾಯಿಲೆ, ಒಂದು ವಾರ ಆಸ್ಪತ್ರೆಯಲ್ಲಿದ್ದರು ಎಂದು ಅವರು ಹೇಳಿದರು. ಏನು ಮಾಡಬೇಕೆಂದು ತಿಳಿಯದೆ ಬ್ಯಾಗಿನಿಂದ ಆ ಪೊಟ್ಟಣ ತೆಗೆದೆ. ಅದನ್ನು ತೋರಿಸಿ ಶುರು ಮಾಡಿದರೆ ಹೇಳುವುದು ಸುಲಭವಾದೀತು ಎಂದುಕೊಂಡೆ.

ಅವರು ಸರಕ್ಕನೆ ಹಿಂದೆ ಸರಿದರು. "ಅದನ್ನ ಮನೆ ಒಳಗೆ ತರಬ್ಯಾಡವ್ವಾ, ಅಮ್ಮಿ ಬ್ಯಾಡ ಅಂದಿದ್ರು. ಹೊರಗೆ ಇಡು."

ನಾನು ಪೊಟ್ಟಣ ಹಿಡಿದುಕೊಂಡೇ ಕೂತಿದ್ದೆ. ಅವರು ನನ್ನ ಕೈ ನೋಡುತ್ತಲೇ ಹೇಳಿದರು, "ಅದು ಎಲುಬಿಂದು ಅಂತ ಹೇಳಿದವಳು ನೀನೇ ಅಲ್ವಾ."

ಆಮೇಲೆ ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಆ ದಿನ ಚಾಚಿ ನಮ್ಮ ಮನೆಯಿಂದ ಹೋದವರು ಉಳಿದ ದಾರವನ್ನು ಕಟ್ಟಿಕೊಂಡು ಬಸ್ಸು ಹತ್ತಿ ನೇರ ಹರಿಹರಕ್ಕೆ, ಮಗಳ ಮನೆಗೆ ಬಂದಿದ್ದರಂತೆ. ಮಗಳ ಮನೆಯಲ್ಲಿದ್ದುದನ್ನೂ ತೆಗೆದುಕೊಂಡು ಹೋಗಿ ಹೊಳೆಗೆ ಹಾಕಿದರಂತೆ. ನಮ್ಮ ಅಜ್ಜಿಗೆ ಎಲುಬು ತಿನ್ನಿಸಿದೆ ಎಂಬ ಸಂಕಟ ಒಂದು ಕಡೆ. ಎಲುಬಾದರೆ ಯಾವ ಪ್ರಾಣಿಯದು, ಹೆಂಗೆ ಕೊಯ್ದದ್ದು, ಹಲಾಲೋ ಅಲ್ಲವೋ ಎಂಬುದು ಇನ್ನೊಂದು ಕಡೆ. ಇಪ್ಪತ್ತು ವರ್ಷ ರೋಜಾ ಬಿಡುವ ಹೊತ್ತಿಗೆ ಓಣಿಯವರಿಗೆಲ್ಲ ಅದನ್ನೇ ಕೊಟ್ಟಿದ್ದೆನಲ್ಲ ಎಂದು ಅತ್ತರಂತೆ. ಮಸೀದಿಯ ಹಜರತರ ಬಳಿ ಚಾಚಾರನ್ನು ಕಳಿಸಿ ಕೇಳಿಸಿದರು. ಗೊತ್ತಿಲ್ಲದೆ ಆದದ್ದು ಗುನ್ಹೆ ಅಲ್ಲ ಎಂದು ಅವರು ಹೇಳಿ ಕಳಿಸಿದರು. ಚಾಚಿಗೆ ಅದು ಸಾಕಾಗಲಿಲ್ಲ. ಕೊನೆಯವರೆಗೆ ಪ್ರತಿ ಸೋಮವಾರ ಉಪವಾಸ ಹಿಡಿಯುತ್ತಿದ್ದರು. ಯಾಕೆಂದು ಮಗಳಿಗೆ ಮಾತ್ರ ಗೊತ್ತಿತ್ತು.

ಅದು ಎಲುಬಲ್ಲ, ಸಮುದ್ರದ ಪಾಚಿ ಎಂದೆ. ನಾನು ತಪ್ಪು ಹೇಳಿದ್ದೆ ಎಂದೆ. ಅನಾನಸ್ಸಿನ ವಿಷಯ ವಿವರಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ.

ಅವರು ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ನಾನೂ ಹೇಳಿದ್ದೆ. ಅಂಗಡಿಯವ್ರೂ ಕಡಲಿಂದು ಅಂದಿದ್ರು. ಅಮ್ಮಿ ಕೇಳ್ಲಿಲ್ಲ. ಅಂಗಡಿಯವ್ರು ಮಾರಕ್ಕೆ ಏನು ಬೇಕಾದ್ರೂ ಅಂತಾರೆ, ಆ ಹುಡುಗಿ ಓದಿ ಹೇಳೈತೆ, ಆಕಿಗೆ ಸುಳ್ಳು ಹೇಳಿ ಏನಾಗ್ಬೇಕು ಅಂತಿದ್ರು."

ಎಂಟು ವರ್ಷ ನಾನು ಅಂದುಕೊಂಡದ್ದು, ಚಾಚಿ ಅವಮಾನದಿಂದ ಊರು ಬಿಟ್ಟರು ಎಂದು. ನಮ್ಮ ಮೇಲೆ ಬೇಸರವಿರುತ್ತದೆ ಎಂದು. ಅವರು ನನ್ನನ್ನು ನಂಬಿದ್ದರು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಇಪ್ಪತ್ತು ವರ್ಷದ ತಮ್ಮ ಕೈಯನ್ನು, ತಮ್ಮ ತಾಯಿಯ ಮಾತನ್ನು ಬಿಟ್ಟು, ತಮ್ಮ ಹೊಸ್ತಿಲ ಮೇಲೆ ಓದುತ್ತಿದ್ದ ಹುಡುಗಿಯ ಅರ್ಧ ಗಂಟೆಯ ಪಾಠವನ್ನು ನಂಬಿದ್ದರು.

ಹೊರಡುವಾಗ ಅವರು ಬಾಗಿಲವರೆಗೆ ಬಂದರು. ನಿಮ್ಮ ಅಮ್ಮಗೆ ಗೊತ್ತಾ ಎಂದು ಕೇಳಿದರು. ಇಲ್ಲ ಎಂದೆ. "ಅವ್ರಿಗೆ ಹೇಳು. ನಮ್ಮ ಕಡೆ ಕೇಳ್ಬೇಕಾದೋರು ಇಲ್ಲ ಈಗ."

ಮನೆ ಮುಟ್ಟಿದಾಗ ಅಮ್ಮ ಜರಡಿ ಹಿಡಿದ ಹಿಟ್ಟನ್ನು ಡಬ್ಬಿಗೆ ತುಂಬುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅಂಗಡಿಯಿಂದ ಶುರು ಮಾಡಿ ಹರಿಹರದವರೆಗೆ, ಒಂದನ್ನೂ ಬಿಡದೆ. ಹೇಳಿ ಮುಗಿದ ಮೇಲೆ ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. ಕೈಯೆಲ್ಲ ಹಿಟ್ಟು.

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತಿರದ ವಿಷಯ. ಆ ಹದಿನೆಂಟು ದಿನವೂ, ನಾನು ಕಾಲೇಜಿಗೆ ಹೋದ ಮೇಲೆ, ಚಾಚಿ ದಿನಾ ನಮ್ಮ ಬಾಗಿಲಿಗೆ ಬರುತ್ತಿದ್ದರಂತೆ. ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಳಗೆ ನಿಂತು, ಅಜ್ಜಿ ಇವತ್ತೇನಾದ್ರೂ ತಿಂದ್ರಾ ಅಕ್ಕಾ ಎಂದು ಕೇಳುತ್ತಿದ್ದರಂತೆ. ಅಮ್ಮ ಒಳಗಿನಿಂದಲೇ ಇಲ್ಲ ಎನ್ನುತ್ತಿದ್ದಳು. ಬಾಗಿಲಿಗೆ ಹೋಗುತ್ತಿರಲಿಲ್ಲ. ನಡುಮನೆಯಲ್ಲಿ ಮಲಗಿದ್ದ ಅಜ್ಜಿಗೂ ಆ ದನಿ ಕೇಳುತ್ತಿತ್ತು. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳಂತೆ.

"ಒಂದಿನ ಆದ್ರೂ ಬರ್ರಿ ಒಳಗೆ ಅನ್ಬೋದಿತ್ತು ನಾನು" ಎಂದಳು ಅಮ್ಮ. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು.

"ಅತ್ತೆ ಏನೂ ತಪ್ಪು ತಿಂದಿಲ್ಲ ಅಂತ ಈಗ ಅತ್ತೆಗೆ ಹೇಳೋದು ಹೆಂಗೆ?"

ಅಮ್ಮನ ಪಕ್ಕ ಕೂತೆ. ಇಬ್ಬರೂ ಬಾಗಿಲ ಕಡೆ ನೋಡಿದೆವು. ಎದುರುಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.